ಹಗೇವಿನ ಊರಿನಲ್ಲಿ ಚಳಿಯ ಲೆಕ್ಕ

ದೀಪಾವಳಿಯ ಪಟಾಕಿ ಸದ್ದು ಅಡಗಿ ಎರಡು ವಾರ ಕಳೆದಿರುತ್ತದೆ. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ಬೆಳಗಿನ ಆರು ಗಂಟೆ. ವಾಕಿಂಗ್ ಹೊರಟ ಹಿರಿಯರ ಕಿವಿಗೆ ಮಫ್ಲರ್ ಸುತ್ತಿಕೊಂಡಿದೆ. ಅಂಗಳಕ್ಕೆ ನೀರು ಹಾಕುವ ಹೆಂಗಸರು ಸೆರಗನ್ನು ಹೆಗಲ ಮೇಲೆ ಬಿಗಿಯಾಗಿ ಎಳೆದುಕೊಳ್ಳುತ್ತಾರೆ. ಡಿಸೆಂಬರ್, ಜನವರಿಯ ಇರುಳಿನಲ್ಲಿ ಪಾದರಸ 15 ಡಿಗ್ರಿಯ ಆಸುಪಾಸಿಗೆ ಇಳಿದರೆ ಈ ಊರಿಗೆ ಅದೇ ದೊಡ್ಡ ಚಳಿ. ಕಾಶ್ಮೀರದವರು ಕೇಳಿದರೆ ನಕ್ಕಾರು. ಆದರೆ ವರ್ಷದ ಬಹುಪಾಲು ಫ್ಯಾನಿನ ಕೆಳಗೆ ಮಲಗುವವರಿಗೆ ಅಷ್ಟು ಸಾಕು.

ಇಲ್ಲಿ ಚಳಿಗಾಲ ಮೊದಲು ಬರುವುದು ಬಚ್ಚಲಮನೆಗೆ. ಗೋಡೆಯ ಮೇಲಿನ ಗೀಸರ್‌ನ ಕೆಂಪು ದೀಪ ಹೊತ್ತಿಕೊಂಡಿತೆಂದರೆ ಕಾರ್ತಿಕ ಮಾಸ ಬಂತು ಎನ್ನಿ. ಆ ಪುಟ್ಟ ದೀಪ ಹೊತ್ತಿದ ಹೊತ್ತಿನಿಂದ ಮನೆಯೊಡತಿಯ ಎದೆಯಲ್ಲಿ ಒಂದು ಮೀಟರ್ ಓಡತೊಡಗುತ್ತದೆ.

ಲೆಕ್ಕ ಕಷ್ಟದ್ದೇನಲ್ಲ. ತೊಟ್ಟಿಯಲ್ಲಿ ರಾತ್ರಿಯಿಡೀ ತಣ್ಣಗಾದ ನೀರು 20 ಡಿಗ್ರಿ ಇದೆ ಎಂದಿಟ್ಟುಕೊಳ್ಳಿ. ಮೈಗೆ ಹಿತವಾಗಲು ಅದು 40 ಡಿಗ್ರಿಗೆ ಏರಬೇಕು. 20 ಲೀಟರಿನ ಒಂದು ಬಕೆಟ್‌ಗೆ ಸರಿಸುಮಾರು ಅರ್ಧ ಯೂನಿಟ್ ವಿದ್ಯುತ್ ಬೇಕು. ನಾಲ್ಕು ಜನರ ಮನೆಗೆ ದಿನಕ್ಕೆ ಎರಡು ಯೂನಿಟ್, ತಿಂಗಳಿಗೆ 60. ಇದು ಒಬ್ಬೊಬ್ಬರು ಒಂದೊಂದೇ ಬಕೆಟ್‌ಗೆ ನಿಲ್ಲಿಸಿದರೆ. ಕಾಲೇಜಿಗೆ ಹೋಗುವ ಮಗ ಶವರ್ ಕೆಳಗೆ ನಿಂತು ಹಾಡು ಹೇಳುವವನಾದರೆ ಲೆಕ್ಕವೇ ಬೇರೆ!

2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆ ಈ ಲೆಕ್ಕಕ್ಕೆ ಒಂದು ಹೊಸ ಗಂಟು ಹಾಕಿದೆ. 200 ಯೂನಿಟ್‌ವರೆಗೆ ಉಚಿತ ಎಂಬುದು ಊರಿಗೆಲ್ಲ ಗೊತ್ತು. ಆದರೆ ಪ್ರತಿ ಮನೆಗೂ ಅದರದ್ದೇ ಆದ ಗೆರೆಯೊಂದಿದೆ. ಯೋಜನೆ ಬಂದಾಗ 2022–23ರಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಉರಿಸಿತ್ತೋ ಅದಕ್ಕೆ ಶೇಕಡ 10 ಸೇರಿಸಿ ಗೆರೆ ಎಳೆದರು. 110 ಯೂನಿಟ್ ಸರಾಸರಿಯ ಮನೆಗೆ 121ರವರೆಗೆ ಬಿಲ್ಲಿಲ್ಲ. ಗೀಸರ್‌ನ 60 ಸೇರಿ 170 ಆದರೆ, ಮೇಲಿನ 49 ಯೂನಿಟ್‌ಗೆ ಹಣ ಕಟ್ಟಬೇಕು. ತೆರಿಗೆ ಸೇರಿ ಯೂನಿಟ್‌ಗೆ ಆರು ರೂಪಾಯಿಗೂ ಮೇಲೆ ಬೀಳುತ್ತದೆ, ಅಂದರೆ ಮುನ್ನೂರು ರೂಪಾಯಿಯ ಮಾತು. ಅಷ್ಟಕ್ಕೇ ನಿಂತರೆ ಪುಣ್ಯ. ಒಟ್ಟು 200 ದಾಟಿದರೆ ಮೊದಲನೇ ಯೂನಿಟ್‌ನಿಂದ ಪೂರಾ ಬಿಲ್ ತೆರಬೇಕು. 199ಕ್ಕೂ 201ಕ್ಕೂ ನಡುವೆ ಇರುವುದು ನಾಲ್ಕು ಬಕೆಟ್ ಬಿಸಿನೀರು. ಆ ನಾಲ್ಕು ಬಕೆಟ್‌ಗಾಗಿ ಕೆಲವು ಮನೆಗಳು ನೂರಾರು ರೂಪಾಯಿ ಹೆಚ್ಚಿಗೆ ತೆತ್ತಿವೆ.

ಇದೇನು ಬಡವರ ಬಡಾವಣೆಯಲ್ಲ. ಅಗಲವಾದ ರಸ್ತೆಗಳು, ಉದ್ಯಾನಗಳು, ಗೇಟಿನ ಪಕ್ಕದಲ್ಲಿ ಡಾಕ್ಟರರ, ವಕೀಲರ ನಾಮಫಲಕಗಳು ಕಾಣುತ್ತವೆ. ಆದರೆ ನಾಮಫಲಕವಿಲ್ಲದ ಮನೆಗಳೂ ಇವೆ. ಅಂಥ ಒಂದು ಮನೆಯ ಯಜಮಾನರು ಒಂದು ಕಾಲಕ್ಕೆ ಹತ್ತಿ ಗಿರಣಿಯಲ್ಲಿ ಗುಮಾಸ್ತರು. 1930ರ ದಶಕದಿಂದ ಒಂದರ ಹಿಂದೊಂದು ಗಿರಣಿ ಎದ್ದು 'ಕರ್ನಾಟಕದ ಮ್ಯಾಂಚೆಸ್ಟರ್' ಎನಿಸಿಕೊಂಡಿದ್ದ ಊರಿದು. ಆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಇವರದ್ದೂ ಹೋಯಿತು. ಆಮೇಲೆ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆದರು. ನಿವೇಶನಗಳು ಕೈಗೆಟಕುವಂತಿದ್ದ ಕಾಲದಲ್ಲಿ ಕೊಂಡ ಮೂವತ್ತು-ನಲವತ್ತರ ಜಾಗದಲ್ಲಿ ಮನೆ ಎದ್ದಿತು. ಈಗ ಆ ಜಾಗದ ಬೆಲೆ ಕೇಳಿದರೆ ಅವರಿಗೇ ನಗು ಬರುತ್ತದೆ. ಭವಿಷ್ಯನಿಧಿಯ ಪಿಂಚಣಿ ಕೇಳಿದರೆ ನಮಗೆ ನಿಮಗೆ ನಗು ಬರುವುದಿಲ್ಲ. 1995ರ ಆ ಪಿಂಚಣಿ ಯೋಜನೆಯ ಕನಿಷ್ಠ ಮೊತ್ತ ಸಾವಿರ ರೂಪಾಯಿ ಎಂದು ನಿಗದಿಯಾದದ್ದು 2014ರಲ್ಲಿ. ಮುಚ್ಚಿದ ಗಿರಣಿಗಳ ಎಷ್ಟೋ ಕೆಲಸಗಾರರು ಆ ಕನಿಷ್ಠದ ಆಜುಬಾಜಿನಲ್ಲೇ ಇದ್ದಾರೆ. ಮಹಡಿಯ ಬಾಡಿಗೆ ಬಾರದಿದ್ದರೆ ಈ ಮನೆ ನಡೆಯುತ್ತಿರಲಿಲ್ಲ. ಮಹಡಿಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗರಿದ್ದಾರೆ. ಅವರ ಮೀಟರ್ ಬೇರೆ, ದೇವರ ದಯೆ.

ಈ ಮನೆಯಲ್ಲಿ ಮೊದಲು ನೀರೊಲೆ ಇತ್ತು. ಹಿತ್ತಲಿನಲ್ಲಿ ಬಚ್ಚಲಮನೆ, ಅದರ ಗೋಡೆಗೆ ಹೂತ ತಾಮ್ರದ ಹಂಡೆ, ಹೊರಗಿನಿಂದ ಉರಿ. ತೆಂಗಿನ ಗರಿ, ಕರಟ, ಹಳೆಯ ಕಾಗದ, ಏನು ಸಿಕ್ಕರೂ ಒಲೆಗೆ ಆಗುತ್ತಿತ್ತು. ಸುತ್ತಮುತ್ತ ಮೆಕ್ಕೆಜೋಳದ ಸೀಮೆ. ಒಕ್ಕಣೆಯ ಕಾಲಕ್ಕೆ ರಸ್ತೆಯ ಒಂದು ಬದಿಯನ್ನೇ ಕಣ ಮಾಡಿಕೊಂಡು ಕಾಳು ಹರವುವ ಜಿಲ್ಲೆಯಿದು. ಕಾಳು ಬಿಡಿಸಿದ ಬೆಂಡನ್ನು ಹಳ್ಳಿಯ ನೆಂಟರು ಚೀಲಗಟ್ಟಲೆ ಹಾಕಿ ಹೋಗುತ್ತಿದ್ದರು. ಚನ್ನಗಿರಿ ಕಡೆಯವರಾದರೆ ಅಡಿಕೆ ಸಿಪ್ಪೆ. ನೀರು ಕಾಯಿಸುವುದಕ್ಕೂ ಒಂದು ಖರ್ಚಿದೆ ಎಂದು ಆಗ ಯಾರಿಗೂ ಹೊಳೆದಿರಲಿಲ್ಲ.

ಮಹಡಿ ಕಟ್ಟಿಸುವಾಗ ಇಂಜಿನಿಯರ್ ನಕ್ಷೆ ತಂದರು. ಹಿತ್ತಲು ಹೋಗಿ ಮೆಟ್ಟಿಲು ಬಂತು. ನೀರೊಲೆ ಹೋಗಿ ಸ್ಕೂಟರ್ ನಿಲ್ಲಿಸುವ ಜಾಗವಾಯಿತು. ಉಗ್ರಾಣದ ಕೋಣೆ 'ಅಟ್ಯಾಚ್ಡ್ ಬಾತ್‌ರೂಮ್' ಆಯಿತು. ಯಜಮಾನರು ದಲಾಲಿ ಅಂಗಡಿಯಲ್ಲಿ ಸಾವಿರಾರು ಕ್ವಿಂಟಲ್ ದಾಸ್ತಾನಿನ ಲೆಕ್ಕ ಬರೆದವರು. ಮನೆಯಲ್ಲಿ ಒಂದು ಚೀಲ ಅಕ್ಕಿ ಇಡಲು ಜಾಗವಿಲ್ಲ ಎಂಬುದು ಗೃಹಪ್ರವೇಶವಾದ ಮೇಲೆ ಅವರ ಗಮನಕ್ಕೆ ಬಂತು.

ಮಿತವ್ಯಯದ ಬಗ್ಗೆ ಉಪದೇಶ ಮಾಡುವವರು ಸಾಮಾನ್ಯವಾಗಿ ಗೃಹಿಣಿಯನ್ನು ಎದುರಿಗೆ ಕೂರಿಸಿಕೊಳ್ಳುತ್ತಾರೆ. ಅದು ಬೇಡ, ಇದು ಕಡಿಮೆ ಮಾಡು ಎನ್ನುತ್ತಾರೆ. ಕೂರಿಸಬೇಕಾದದ್ದು ಮನೆಯ ನಕ್ಷೆಯನ್ನು. ಒಲೆಯಿಲ್ಲದ ಬಚ್ಚಲು, ಉಗ್ರಾಣವಿಲ್ಲದ ಅಡುಗೆಮನೆ, ಬಿಸಿಲು ಬೀಳದ ಅಂಗಳ ಇವೆಲ್ಲ ಕಟ್ಟಿದ ದಿನದಿಂದಲೇ ತಿಂಗಳು ತಿಂಗಳೂ ಬಾಡಿಗೆ ಕೇಳುತ್ತವೆ. ಹೊಗೆಯಿಲ್ಲದ ಬಚ್ಚಲಿನ ಸುಖವನ್ನು ಅಲ್ಲಗಳೆಯುವಂತಿಲ್ಲ. ಕಣ್ಣುರಿಸಿಕೊಂಡು ಊದುಕೊಳವೆ ಊದಿದ ಹೆಂಗಸರು ಯಾರೂ ಆ ಕಾಲ ವಾಪಸ್ ಬರಲಿ ಎಂದು ಹರಕೆ ಹೊತ್ತಿಲ್ಲ. ಆದರೆ ಒಲೆಯ ಜತೆಗೆ ಉಗ್ರಾಣವನ್ನೂ ಒಡೆದದ್ದಕ್ಕೆ ಯಾವ ಸುಖವೂ ಸಿಕ್ಕಿಲ್ಲ.

ಈ ಮನೆಯಾಕೆ ಕೊನೆಗೊಂದು ಉಪಾಯ ಕಂಡುಕೊಂಡರು. ಮಂಚದ ಕೆಳಗೆ ಮುಚ್ಚಳದ ತಗಡಿನ ಡಬ್ಬಿಗಳು, ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಇಟ್ಟಿಗೆಯ ಮೇಲೆ ಹಲಗೆ ಹಾಸಿ ಎರಡು ಚೀಲದ ಜಾಗ. ಚಳಿಗಾಲ ಹತ್ತಿರ ಬಂದಂತೆ ಚೀಲ ಹಿಡಿದು ಹಳೇ ದಾವಣಗೆರೆಗೆ ಹೊರಡುತ್ತಾರೆ.

ಹೊಸ ಊರಿಗೂ ಹಳೇ ಊರಿಗೂ ನಡುವೆ ರೈಲು ಹಳಿ. ಅಶೋಕ ಚಿತ್ರಮಂದಿರದ ಬಳಿಯ ರೈಲ್ವೆ ಗೇಟು ದಶಕಗಳ ಕಾಲ ಊರನ್ನು ಎರಡಾಗಿ ಕತ್ತರಿಸಿ ನಿಲ್ಲಿಸುತ್ತಿದ್ದದ್ದು ಇಲ್ಲಿನವರ ಬಾಯಲ್ಲಿ ಇಂದಿಗೂ ಗಾದೆಯಂತಿದೆ. ಹಳಿಯ ಈಚೆ ವಿದ್ಯಾನಗರ, ಎಂ.ಸಿ.ಸಿ. ಬ್ಲಾಕುಗಳು, ಕಾಲೇಜುಗಳು, ಸೂಪರ್ ಮಾರುಕಟ್ಟೆಗಳು. ಆಚೆ ಮಂಡಿಪೇಟೆ, ಚೌಕಿಪೇಟೆ, ಕಾಳಿಕಾದೇವಿ ರಸ್ತೆ. ಈಚೆ ಅರ್ಧ ಕೆ.ಜಿ. ಬೇಳೆ ಹೊಳೆಯುವ ಪೊಟ್ಟಣದಲ್ಲಿ ಸಿಗುತ್ತದೆ. ಆಚೆ ಚೀಲದ ಬಾಯಿ ತೆರೆದಿರುತ್ತದೆ, ಕೈ ಹಾಕಿ ಕಾಳು ನೋಡಬಹುದು, ಹಲ್ಲಿನಲ್ಲಿ ಕಡಿದು ಒಣಗಿದೆಯೋ ಇಲ್ಲವೋ ಹೇಳಬಹುದು.

"ಈ ಬ್ಯಾಡಗಿ ಈ ವರ್ಷದ್ದಾ ಅಣ್ಣಾರೆ?"

"ಹೊಸದು ಎಲ್ಲಿ ಬಂತು ಅಮ್ಮಾರೆ? ಇದು ಕೋಲ್ಡ್ ಸ್ಟೋರೇಜಿಂದು. ಹೊಸದು ಬೇಕಂದ್ರ ಸಂಕ್ರಾಂತಿ ಹೊತ್ತಿಗೆ ಬರ್ರಿ."

ಪೊಟ್ಟಣ ಇಂಥ ಮಾತು ಆಡುವುದಿಲ್ಲ. ಅಂಗಡಿಯವರ ಆ ಒಂದು ಮಾತಿಗಾಗಿ ಹಳಿ ದಾಟಿ ಬಂದದ್ದು ಸಾರ್ಥಕ. ಹೊಸ ಮೆಣಸಿನಕಾಯಿ ಬ್ಯಾಡಗಿ ಮಾರುಕಟ್ಟೆಗೆ ಏರಿ ಬರುವುದು ಜನವರಿಯಿಂದ ಮಾರ್ಚ್‌ವರೆಗೆ. ನವೆಂಬರಿನಲ್ಲಿ ವರ್ಷದ ಖಾರಕ್ಕೆಂದು ಐದು ಕೆ.ಜಿ. ಕೊಂಡವರು ಕಳೆದ ವರ್ಷದ ಕಾಯಿಯ ಜತೆಗೆ ಶೈತ್ಯಾಗಾರದ ಬಾಡಿಗೆಯನ್ನೂ ಕೊಂಡಂತೆ. ಹೀಗಾಗಿ ಮನೆಯಾಕೆ ಈಗ ತರುವುದು ಎರಡು ತಿಂಗಳಿಗಾಗುವಷ್ಟು ಮಾತ್ರ. ಉಳಿದದ್ದಕ್ಕೆ ಸಂಕ್ರಾಂತಿ ಕಳೆದ ಮೇಲೆ ಬ್ಯಾಡಗಿಗೇ ಹೋಗುವುದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ಸು ಉಚಿತವಾದದ್ದರಿಂದ ಹರಿಹರ, ರಾಣೇಬೆನ್ನೂರು ದಾಟಿ ಹೋಗಿಬರುವುದಕ್ಕೆ ಟಿಕೆಟ್ ಖರ್ಚಿಲ್ಲ. ಅಕ್ಕಪಕ್ಕದ ಮೂವರು ಸೇರಿ ಹೋಗುತ್ತಾರೆ, ಬಣ್ಣಕ್ಕೆ ಡಬ್ಬಿ, ಖಾರಕ್ಕೆ ಬೇರೊಂದು ಎಂದು ಆರಿಸಿ ತರುತ್ತಾರೆ. ಯಜಮಾನರಿಗೆ ಮಾತ್ರ ಟಿಕೆಟ್ ಬೇಕು. ಅದಕ್ಕೇ ಅವರನ್ನು ಮನೆ ಕಾಯಲು ಬಿಡುವುದು!

ಇದೇ ಕ್ರಮ ಉಳಿದ ಕಾಳುಕಡಿಗೂ ಉಂಟು. ಮುಂಗಾರಿನ ಶೇಂಗಾ ದೀಪಾವಳಿ ಹೊತ್ತಿಗೆ ಮನೆ ಸೇರಿರುತ್ತದೆ, ಚಳ್ಳಕೆರೆ ಸೀಮೆಯ ಬೀಜ ಪೇಟೆಯಲ್ಲಿ ಧಾರಾಳ. ಚಟ್ನಿಪುಡಿಗೆ ಬೇಕಾದದ್ದನ್ನು ಈಗಲೇ ತರಬೇಕು. ಭದ್ರಾ ಕಾಲುವೆಯ ಮುಂಗಾರು ಭತ್ತ ಕೊಯ್ಲಾಗುವುದು ನವೆಂಬರ್ ಕೊನೆಗೆ, ಡಿಸೆಂಬರಿಗೆ. ಹೊಸ ಅಕ್ಕಿ ಅಗ್ಗ, ಆದರೆ ಅನ್ನ ಮುದ್ದೆಯಾಗುತ್ತದೆ ಎಂದು ಜನ ಮೂಗು ಮುರಿಯುತ್ತಾರೆ. ಅದೇ ಅಕ್ಕಿ ಆರು ತಿಂಗಳು, ವರ್ಷ ಕೂತರೆ 'ಹಳೇ ಅಕ್ಕಿ' ಎಂಬ ಬಿರುದು ಹೊತ್ತು ಬೆಲೆ ಏರಿಸಿಕೊಂಡು ಬರುತ್ತದೆ. ಅದು ಎಲ್ಲಿ ಕೂತಿತ್ತು ಎಂಬುದಷ್ಟೇ ಪ್ರಶ್ನೆ. ಗಿರಣಿಯ ಗೋದಾಮಿನಲ್ಲಿ ಕೂತರೆ ಆ ಏರಿಕೆ ಗಿರಣಿಯವರದು, ಮೆಟ್ಟಿಲ ಕೆಳಗೆ ಕೂತರೆ ಮನೆಯದು. ತೊಗರಿಯ ಹೊಸ ಬೆಳೆ ಡಿಸೆಂಬರ್ ಕಳೆದ ಮೇಲೆ ಶುರು, ಹಿಂಗಾರಿನ ಜೋಳ, ಹುಣಸೆಹಣ್ಣು ಶಿವರಾತ್ರಿಯ ಆಚೀಚೆ. ಅಂದಹಾಗೆ ಅಕ್ಕಿಗೆ ಒಣಗಿದ ಬೇವಿನ ಎಲೆ, ಬೇಳೆಗೆ ಅಂಗೈಯಲ್ಲಿ ಸವರುವಷ್ಟು ಹರಳೆಣ್ಣೆ, ಚೀಲ ಗೋಡೆಗೆ ತಾಗದಂತೆ ಒಂದು ಗೇಣು ಅಂತರ. ಇಷ್ಟನ್ನು ಹೇಳಿಕೊಡಲು ಹಿಂದೆ ಅತ್ತೆಯರಿದ್ದರು.

ಎಲ್ಲವನ್ನೂ ಒಟ್ಟಿಗೆ ಕೊಳ್ಳಲು ಕೈಯಲ್ಲಿ ಒಟ್ಟಿಗೆ ದುಡ್ಡು ಬೇಕಲ್ಲ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಅಗ್ಗಕ್ಕೆ ಕೊಳ್ಳುವ ಸೌಕರ್ಯ ಕೂಡ ಕೈಯಲ್ಲಿ ನಾಲ್ಕು ಕಾಸಿದ್ದವರಿಗೇ ಸಿಗುವುದು, ದಿನಗೂಲಿಯವರು ಎಲ್ಲರಿಗಿಂತ ದುಬಾರಿ ಅಕ್ಕಿ ಉಣ್ಣುತ್ತಾರೆ. ಈ ಮನೆಯಲ್ಲಿ ಅದಕ್ಕೆ ಒಂದು ಏರ್ಪಾಡಿದೆ. ಗೃಹಲಕ್ಷ್ಮಿಯ ಎರಡು ಸಾವಿರ ಬಂದ ತಿಂಗಳು ಅದು ನೇರ ಒಂದು ಡಬ್ಬಿಗೆ ಹೋಗುತ್ತದೆ. ಡಿಸೆಂಬರಿಗೆ ಅಕ್ಕಿ, ಜನವರಿಗೆ ಮೆಣಸಿನಕಾಯಿ, ತೊಗರಿ ಎಂದು ಅದರ ಮೇಲೆ ಹೆಸರು ಬರೆದಂತೆಯೇ. ದೀಪಾವಳಿಗೆ ಮೊಮ್ಮಕ್ಕಳ ಪಟಾಕಿಗೆಂದು ಯಜಮಾನರು ಅದಕ್ಕೆ ಕೈ ಹಾಕಿದ ವರ್ಷ ಮನೆಯಲ್ಲಿ ಎರಡು ದಿನ ಮಾತಿರಲಿಲ್ಲವಂತೆ.

ಮಂಡಿಪೇಟೆಯಿಂದ ಇನ್ನಷ್ಟು ನಡೆದರೆ ಹಗೇದಿಬ್ಬ ವೃತ್ತ. ದಿನಾ ಅಲ್ಲಿ ಬಸ್ಸು, ಆಟೋ ಹತ್ತುವವರಲ್ಲಿ ಎಷ್ಟು ಜನ ಆ ಹೆಸರನ್ನು ಒಂದು ಕ್ಷಣ ಬಾಯಲ್ಲಿಟ್ಟು ನೋಡಿದ್ದಾರೋ! ಹಗೇ, ಹಗೇವು ಎಂದರೆ ನೆಲದೊಳಗಿನ ಧಾನ್ಯದ ಗುಂಡಿ. ನೀರು ನಿಲ್ಲದ ಎತ್ತರದ ದಿಬ್ಬ ಆರಿಸಿ, ಕಿರಿದಾದ ಬಾಯಿ, ಅಗಲವಾದ ಒಡಲು ಬರುವಂತೆ ಅಗೆದು, ಒಳಗೆ ಹುಲ್ಲು ಹಾಸಿ ಜೋಳ ತುಂಬಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಗಾಳಿಯಾಡದ ಆ ಕತ್ತಲಲ್ಲಿ ಹುಳು ಬದುಕುತ್ತಿರಲಿಲ್ಲ, ಕಾಳು ವರ್ಷಗಟ್ಟಲೆ ಉಳಿಯುತ್ತಿತ್ತು. ತೆಗೆಯುವಾಗ ಮಾತ್ರ ಅವಸರ ಸಲ್ಲದು. ಒಳಗೆ ಕಟ್ಟಿನಿಂತ ಗಾಳಿ ಮನುಷ್ಯನನ್ನೂ ಉಳಿಸುವುದಿಲ್ಲ. ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ದೀಪ ಇಳಿಸಿ ಅದು ಆರದೆ ಉರಿದರೆ ಮಾತ್ರ ಇಳಿಯುತ್ತಿದ್ದರು. ಬರಗಾಲಕ್ಕೆ ಹೆದರಿದ ಜನ ಕಂಡುಕೊಂಡ ಬ್ಯಾಂಕು ಅದು. ಈಗ ಉಳಿದಿರುವುದು ವೃತ್ತದ ಹೆಸರಿನಲ್ಲಿ ಮಾತ್ರ. ಚೀಲ ಹೊತ್ತು ಅಲ್ಲಿಂದ ಆಟೋ ಹತ್ತುವ ನಿಜಲಿಂಗಪ್ಪ ಬಡಾವಣೆಯ ಮನೆಯಾಕೆ, ಮೆಟ್ಟಿಲ ಕೆಳಗೆ ತಾನೂ ಒಂದು ಸಣ್ಣ ಹಗೇವನ್ನೇ ತುಂಬುತ್ತಿದ್ದೇನೆ ಎಂದುಕೊಂಡಿರಲಾರರು. ಅವರಿಗೆ ಆಟೋದವನ ಜತೆ ಹತ್ತು ರೂಪಾಯಿಯ ವ್ಯಾಜ್ಯವಿರುತ್ತದೆ.

ಬರುವಾಗ ಒಂದು ದೊಡ್ಡ ಚೀಲ ಮಂಡಕ್ಕಿ. ದಾವಣಗೆರೆಯ ಹೆಸರು ಹೊರಗೆ ಬೆಣ್ಣೆದೋಸೆಯಿಂದ, ಒಳಗೆ ಮಂಡಕ್ಕಿಯಿಂದ. ಭಟ್ಟಿಗಳಲ್ಲಿ ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಕೊನೆಗೆ ಕಾದ ಮರಳಿನಲ್ಲಿ ಅರಳಿಸುವ ಕಷ್ಟವನ್ನೆಲ್ಲ ಬೇರೆಯವರು ಪಟ್ಟಿರುತ್ತಾರೆ. ಮನೆಯಲ್ಲಿ ಬೆಂಕಿಯ ಕೆಲಸ ಏನೂ ಉಳಿದಿರುವುದಿಲ್ಲ. ನೀರಿಗೆ ಹಾಕಿ ಹಿಂಡಿ, ಒಂದು ಒಗ್ಗರಣೆ ಕೊಟ್ಟು, ಹುರಿಗಡಲೆ ಪುಡಿ ಉದುರಿಸಿದರೆ ಹತ್ತು ನಿಮಿಷದ ಗ್ಯಾಸಿನಲ್ಲಿ ಆರು ಜನರ ತಿಂಡಿ. ಚಳಿಗಾಲಕ್ಕೆ ಇದರಿಂದ ಇನ್ನೊಂದು ಉಪಕಾರವಿದೆ. ಥಂಡಿಗೆ ದೋಸೆ ಹಿಟ್ಟು ಹುಳಿ ಬರಲು ಸತಾಯಿಸುತ್ತದೆ. ರಾತ್ರಿ ರುಬ್ಬಿದ್ದು ಬೆಳಗ್ಗೆ ಕಲ್ಲಿನಂತೆ ಕೂತಿರುತ್ತದೆ. ಹಿಂದೆ ನೀರೊಲೆಯ ಪಕ್ಕ ಪಾತ್ರೆ ಇಟ್ಟರೆ ಉಬ್ಬುತ್ತಿತ್ತು. ಈಗ ಪಾತ್ರೆಗೆ ಹಳೆಯ ಶಾಲು ಹೊದಿಸಿ ಡಬ್ಬಿಯೊಳಗೆ ಮಲಗಿಸಬೇಕು, ಅದೂ ಕೈಕೊಟ್ಟ ದಿನ ಮಂಡಕ್ಕಿಯೇ ಗತಿ. ಸಂಜೆಗೆ ಅದೇ ಮಂಡಕ್ಕಿಗೆ ಮೆಣಸಿನಕಾಯಿ ಬಜ್ಜಿ ಸೇರಿದರೆ ಖರ್ಚು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಮಿತವ್ಯಯಕ್ಕೂ ಒಂದು ಮಿತಿ ಬೇಕು.

ತರಕಾರಿಯ ಮಟ್ಟಿಗೆ ಚಳಿಗಾಲವೇ ಉದಾರಿ. ಅವರೆಕಾಯಿ, ಮೆಂತ್ಯದ ಸೊಪ್ಪು, ಮೂಲಂಗಿ, ಕಪ್ಪು ನೆಲದ ಕಡೆಯಿಂದ ಎಳೆಯ ಕಡಲೆಸೊಪ್ಪು. ತಳ್ಳುಗಾಡಿ ಮನೆಯ ಮುಂದೆ ನಿಂತಾಗ ಆರಿಸಿ ಕೊಂಡರಾಯಿತು.

ಹೊದಿಕೆಯ ವಿಷಯಕ್ಕೆ ಬಂದರೆ ಈ ಮನೆಯಲ್ಲಿ ಹೊಸದು ಕೊಳ್ಳುವ ಪದ್ಧತಿಯಿಲ್ಲ. ಹಳೆಯ ಕಾಟನ್ ಸೀರೆಗಳನ್ನು ಪದರ ಪದರವಾಗಿ ಹಾಸಿ ಹೊಲಿಸಿದ ಕೌದಿಗಳು ನಾಲ್ಕಿವೆ. ಒಂದರ ಅಂಚು ಅತ್ತೆಯ ಇಳಕಲ್ ಸೀರೆಯದು, ನಡುವಿನ ಒಂದು ತುಂಡು ಗಿರಣಿಯ ಬಟ್ಟೆಯದು. ಆ ಗಿರಣಿಯ ಚಿಮಣಿ ಉರುಳಿದರೂ ಬಟ್ಟೆ ಇನ್ನೂ ಚಳಿ ತಡೆಯುತ್ತಿದೆ. ಯಜಮಾನರದು ಚಳ್ಳಕೆರೆಯ ಕರಿ ಕಂಬಳಿ. ಚುಚ್ಚುತ್ತದೆ, ಆದರೆ ಮೂವತ್ತು ವರ್ಷ ಬಾಳಿದೆ. ಮಹಡಿಯ ಹುಡುಗರು ಆನ್‌ಲೈನಿನಲ್ಲಿ ತರಿಸಿದ ನುಣ್ಣನೆಯ ರಗ್ಗುಗಳು ಎರಡನೇ ಒಗೆತಕ್ಕೆ ಗಂಟುಗಂಟಾದದ್ದನ್ನು ನೋಡಿ ಅವರು ಏನೂ ಹೇಳಲಿಲ್ಲ. ಒಂದು ಕೌದಿ ಮೇಲಕ್ಕೆ ಹೋಯಿತು.

ಬಡಾವಣೆಗೆ ಹೆಸರು ಕೊಟ್ಟವರ ಜನ್ಮದಿನ ಬೀಳುವುದೂ ಚಳಿಗಾಲದ ಬಾಗಿಲಲ್ಲೇ. ಎಸ್. ನಿಜಲಿಂಗಪ್ಪ ಹುಟ್ಟಿದ್ದು 1902ರ ಡಿಸೆಂಬರ್ 10ರಂದು, ಈಗಿನ ವಿಜಯನಗರ ಜಿಲ್ಲೆಯ ಹರಪನಹಳ್ಳಿ ತಾಲ್ಲೂಕಿನ ಹಲುವಾಗಲಿನಲ್ಲಿ. ಹುಡುಗನಾಗಿ ದಾವಣಗೆರೆಯಲ್ಲೂ ಓದಿದವರು. 1956ರಲ್ಲಿ ಒಂದಾದ ರಾಜ್ಯದ ಮೊದಲ ಮುಖ್ಯಮಂತ್ರಿ, 1962ರಿಂದ 68ರವರೆಗೆ ಮತ್ತೆ ಮುಖ್ಯಮಂತ್ರಿ, ಆಮೇಲೆ ಕಾಂಗ್ರೆಸ್ಸಿನ ರಾಷ್ಟ್ರೀಯ ಅಧ್ಯಕ್ಷ. ಇಷ್ಟೆಲ್ಲ ಆದವರು ಚಿತ್ರದುರ್ಗದ ಮನೆಗೆ ಮರಳಿ ಸಾದಾ ಬದುಕು ಬದುಕಿದರು, 2000ದ ಆಗಸ್ಟ್ 8ರಂದು ತೀರಿಕೊಂಡರು. ಅವರ ಹೆಸರಿನ ಬಡಾವಣೆಯಲ್ಲಿ ಮನೆಗಳ ಎತ್ತರಕ್ಕೆ ಪೈಪೋಟಿ ನಡೆದಿರುವುದು ಕಾಲದ ತಮಾಷೆ, ಅಷ್ಟೇ.

ಇನ್ನು ಬಿಸಿನೀರಿನ ಮಾತು ಬಾಕಿ ಇದೆ. ಸೋಲಾರ್ ಹಾಕಿಸುವುದು ಸರಿಯಾದ ದಾರಿ. ಇಲ್ಲಿನ ಚಳಿಗಾಲದ ಆಕಾಶ ಹೆಚ್ಚಾಗಿ ತಿಳಿ, ಬಂಗಾಳಕೊಲ್ಲಿಯ ವಾಯುಭಾರ ಕುಸಿತದ ಮೋಡ ಮುಸುಕಿದ ನಾಲ್ಕಾರು ದಿನ ಬಿಟ್ಟರೆ ಬಿಸಿಲಿಗೆ ಬರವಿಲ್ಲ. ಆದರೆ ಒಮ್ಮೆಗೇ ಅಷ್ಟು ಹಣ ಹಾಕಬೇಕು, ಕೊಳವೆಬಾವಿಯ ಗಡಸು ನೀರಿಗೆ ಕೊಳವೆಗಳಲ್ಲಿ ಸುಣ್ಣ ಕಟ್ಟದಂತೆ ನೋಡಿಕೊಳ್ಳಬೇಕು. ಯಜಮಾನರು ಮೂರು ವರ್ಷದಿಂದ "ಮುಂದಿನ ವರ್ಷ" ಎನ್ನುತ್ತಿದ್ದಾರೆ.

ಒಂದು ವರ್ಷ ಅವರ ಕಣ್ಣು ಅಟ್ಟದ ಮೇಲಿದ್ದ ಹಳೆಯ ತಾಮ್ರದ ಹಂಡೆಯ ಮೇಲೆ ಬಿತ್ತು. ತಾಮ್ರಕ್ಕೆ ಒಳ್ಳೆಯ ಬೆಲೆಯಿದೆ, ತೂಕಕ್ಕೆ ಹಾಕಿದರೆ ಸೋಲಾರಿಗೆ ಒಂದು ಕಂತಾದೀತು ಎಂದರು.

"ಏನ್ರೀ, ನಮ್ಮವ್ವ ಕೊಟ್ಟ ಹಂಡೇನ ಗುಜರಿಗೆ ಹಾಕ್ತೀರಾ?" ಎಂದರು ಮನೆಯಾಕೆ. ಮಾತು ಅಲ್ಲಿಗೆ ನಿಂತಿತು.

ಮರುದಿನ ಮಹಡಿಯ ಹುಡುಗರ ಕೈಯಲ್ಲಿ ಹಂಡೆಯನ್ನು ತಾರಸಿಗೆ ಹೊರಿಸಿದರು. ಅಡಿಗೆ ಎರಡು ಪದರ ಗೋಣಿಚೀಲ, ಬಾಯಿಗೆ ಹಳೆಯ ಕಿಟಕಿಯ ಗಾಜು. ಬೆಳಗ್ಗೆ ಎಂಟಕ್ಕೆ ತುಂಬಿಸಿದ ನೀರು ಮಧ್ಯಾಹ್ನ ಎರಡರ ಹೊತ್ತಿಗೆ ಉಗುರುಬೆಚ್ಚಗೆ. ಇಬ್ಬರು ವಯಸ್ಸಾದವರು ನಸುಕಿನಲ್ಲೇ ಎದ್ದು ಮೀಯಬೇಕೆಂಬ ಶಾಸ್ತ್ರ ಎಲ್ಲಿದೆ? ಸ್ನಾನ ಮಧ್ಯಾಹ್ನಕ್ಕೆ ಸರಿಯಿತು. ಆ ಡಿಸೆಂಬರಿನ ಮೀಟರ್ ಗೆರೆಯೊಳಗೇ ನಿಂತಿತು, ಬಿಲ್ಲಿನಲ್ಲಿ ಸೊನ್ನೆ ಬಂತು.

ಯಜಮಾನರಿಗೆ ಈಗ ಅದರದ್ದೇ ಧ್ಯಾನ. ಬಿಸಿಲು ಎತ್ತ ತಿರುಗಿತು, ಗಾಜು ಸರಿದಿದೆಯೇ ಎಂದು ದಿನಕ್ಕೆ ನಾಲ್ಕು ಸಲ ಮೆಟ್ಟಿಲು ಹತ್ತಿಳಿಯುತ್ತಾರೆ. ಹಂಡೆಯ ಹೊರಮೈಗೆ ವರ್ಷಗಟ್ಟಲೆಯ ಹೊಗೆ ಹಿಡಿದು ಕೂತ ಮಸಿ ಹಾಗೇ ಇದೆ. ಕಪ್ಪಿದ್ದರೆ ಬಿಸಿಲು ಹೆಚ್ಚು ಹೀರುತ್ತದೆ. ಹಬ್ಬದ ಮುಂಚೆ ಪಾತ್ರೆ ಬೆಳಗಲು ಬರುವ ಕೆಲಸದಾಕೆ ಹುಣಸೆಹಣ್ಣು ಹಿಡಿದು ತಾರಸಿ ಹತ್ತುವುದನ್ನು ಕಂಡರೆ ಮನೆಯಾಕೆ ಕೆಳಗಿನಿಂದಲೇ ಕೂಗುತ್ತಾರೆ: "ಅವ್ವಾ, ಬ್ಯಾರೆ ಏನರ ತಿಕ್ಕು. ಆ ಹಂಡೆ ಮಾತ್ರ ಮುಟ್ಟಬ್ಯಾಡ!"